ಸೈಕ್ಲೋನಿಗೆ ಹೆಸರಿಟ್ಟ ಹೆನ್ರಿ ಪಿಡಿಂಗ್ಟನ್

ಸೈಕ್ಲೋನ್ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಮಳೆಗಾಲದ ಮುಂಚೆ ಮೇ ತಿಂಗಳಲ್ಲಿ, ಮಳೆಗಾಲ ಕಳೆದ ಮೇಲೆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸಮುದ್ರದ ನಡುವೆ ವಾಯುಭಾರ ಕುಸಿದಿದೆ ಎಂಬ ಸುದ್ದಿ ಬಂದೊಡನೆ ಕರಾವಳಿಯ ಜನರು ಎಚ್ಚರಗೊಳ್ಳುತ್ತಾರೆ. ಮೀನುಗಾರರು ಕಡಲಿಗೆ ಇಳಿಯಬಾರದೆಂಬ ಸೂಚನೆ ಹೊರಡುತ್ತದೆ. ದೋಣಿಗಳನ್ನು ದಡದ ಮೇಲಕ್ಕೆ ಎಳೆದು ಕಟ್ಟುತ್ತಾರೆ. ಕಾಸರಗೋಡಿನ ಕಡಲತೀರದವರಾದ ನಮಗೆ ಇದು ಹೊಸದಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಎಂಬ ಚಂಡಮಾರುತವು ಅರಬ್ಬೀ ಸಮುದ್ರದಲ್ಲಿ ನಮ್ಮ ಕರಾವಳಿಯ ಪಕ್ಕದಿಂದಲೇ ಉತ್ತರಕ್ಕೆ ಸಾಗಿ ಗುಜರಾತಿನ ದಡವನ್ನು ಸೇರಿತು. ಅದರ ಕೇಂದ್ರವು ನಮ್ಮ ನೆಲವನ್ನು ಮುಟ್ಟದಿದ್ದರೂ ಕಡಲ್ಕೊರೆತದ ಕಷ್ಟ ಏನೆಂಬುದನ್ನು ನಾವು ಕಂಡಿದ್ದೇವೆ.

ಆದರೆ ಈ ಸೈಕ್ಲೋನ್ ಎಂಬ ಶಬ್ದ ಎಲ್ಲಿ ಹುಟ್ಟಿತು, ಅದನ್ನು ಹುಟ್ಟಿಸಿದವರು ಯಾರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಈ ಶಬ್ದವು ಹುಟ್ಟಿದ್ದು ನಮ್ಮ ದೇಶದ ಕಲ್ಕತ್ತೆಯಲ್ಲಿ. ಅದನ್ನು ರಚಿಸಿದವನು ಕಾಲೇಜಿನ ಪ್ರಾಧ್ಯಾಪಕನೂ ಅಲ್ಲ, ಹವಾಮಾನ ಇಲಾಖೆಯ ಅಧಿಕಾರಿಯೂ ಅಲ್ಲ. ಆಗ ನಮ್ಮ ದೇಶದಲ್ಲಿ ಅಂಥ ಇಲಾಖೆಯೇ ಇರಲಿಲ್ಲ. ಅವನು ಸಮುದ್ರದ ಕೆಲಸವನ್ನು ಬಿಟ್ಟು ದಡ ಸೇರಿದ ಒಬ್ಬ ನಾವಿಕ. ಬಿರುಗಾಳಿಗಳ ಜಾಡನ್ನು ಹಿಡಿಯುವುದು ಅವನ ಸ್ವಂತ ಹವ್ಯಾಸವಾಗಿತ್ತು. ಆ ಹವ್ಯಾಸವು ಸಾವಿರಾರು ನಾವಿಕರ ಪ್ರಾಣವನ್ನು ಕಾಯುವ ವಿದ್ಯೆಯಾಗಿ ಬೆಳೆಯಿತು. ಆ ಮಹನೀಯನೇ ಹೆನ್ರಿ ಪಿಡಿಂಗ್ಟನ್.

ಹಡಗಿನಿಂದ ಕಲ್ಕತ್ತೆಗೆ

ಪಿಡಿಂಗ್ಟನ್ನನು 1797ರ ಜನವರಿ 7ರಂದು ಜನಿಸಿದನು. ಅವನ ಮನೆತನದವರು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಅಕ್‌ಫೀಲ್ಡ್ ಎಂಬ ಊರಿನವರು. ಚಿಕ್ಕ ವಯಸ್ಸಿನಲ್ಲೇ ಅವನು ವ್ಯಾಪಾರದ ಹಡಗುಗಳಲ್ಲಿ ಕೆಲಸಕ್ಕೆ ಸೇರಿದನು. ಭಾರತಕ್ಕೂ ಚೀನಾ ದೇಶಕ್ಕೂ ಸರಕು ಸಾಗಿಸುವ ಹಡಗುಗಳಲ್ಲಿ ದುಡಿದು, ಕೆಲಸವನ್ನು ಕಲಿತು, ಕೊನೆಗೆ ಹಡಗಿನ ಕಪ್ತಾನನಾದನು. ಆಗಿನ ಹಡಗುಗಳು ಹೆಚ್ಚಾಗಿ ಹಾಯಿಯ ಹಡಗುಗಳು. ಗಾಳಿ ಇದ್ದರೆ ಪಯಣ, ಗಾಳಿ ಇಲ್ಲದಿದ್ದರೆ ನಿಲುಗಡೆ, ಗಾಳಿ ಮಿತಿಮೀರಿದರೆ ಮರಣ. ಹೀಗೆ ಗಾಳಿಯನ್ನೇ ನಂಬಿ ಬದುಕಿದವನಿಗೆ ಗಾಳಿಯ ಗುಣವನ್ನು ಅರಿಯುವ ಹಂಬಲ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಮುಂದೆ ಅವನು ಹಡಗಿನ ಕೆಲಸವನ್ನು ಬಿಟ್ಟು ಕಲ್ಕತ್ತೆಯಲ್ಲಿ ನೆಲೆಸಿದನು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಭಾರತದ ಗಿಡಮರಗಳ ಹೆಸರುಗಳ ಒಂದು ಸೂಚಿಯನ್ನು ಸಿದ್ಧಪಡಿಸಿ 1832ರಲ್ಲಿ ಪ್ರಕಟಿಸಿದನು. ಮಣ್ಣು, ಖನಿಜ, ಕಲ್ಲುಗಳ ಪರೀಕ್ಷೆಯಲ್ಲಿ ಪರಿಣತಿ ಪಡೆದನು. ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಕೆಲಸಗಳಲ್ಲಿ ಭಾಗವಹಿಸಿದನು. ಕಲ್ಕತ್ತೆಯ ಭೂಗರ್ಭ ಸಂಪತ್ತಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾದನು. ಹಡಗುಗಳ ಅಪಘಾತಗಳನ್ನು ವಿಚಾರಣೆ ಮಾಡುವ ನ್ಯಾಯಮಂಡಲಿಯ ಅಧ್ಯಕ್ಷ ಪದವಿಯೂ ಅವನಿಗೆ ದೊರೆಯಿತು. ಒಡೆದ ಹಡಗುಗಳ ಕಥೆಗಳನ್ನು ಕೇಳಿ ತಪ್ಪು ಯಾರದೆಂದು ತೀರ್ಮಾನಿಸುವುದು ಅಲ್ಲಿನ ಕೆಲಸ. ಬಿರುಗಾಳಿಗೆ ಸಿಕ್ಕಿದ ಕಪ್ತಾನನೊಬ್ಬನು ಯಾವ ಕಡೆಗೆ ಹೋಗಿದ್ದರೆ ಬದುಕುತ್ತಿದ್ದನು, ಯಾವ ಕಡೆಗೆ ಹೋಗಿ ಕೆಟ್ಟನು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಬಿರುಗಾಳಿ ಎಂದರೇನು ಎಂಬುದು ತಿಳಿದಿರಬೇಕಲ್ಲವೆ?

ಗಾಳಿ ಸುತ್ತುತ್ತದೆ

ಬಹುಕಾಲದವರೆಗೆ ಜನರು ಬಿರುಗಾಳಿಯೆಂದರೆ ಒಂದೇ ದಿಕ್ಕಿನಿಂದ ನೆಟ್ಟಗೆ ನುಗ್ಗಿ ಬರುವ ಗಾಳಿ ಎಂದೇ ತಿಳಿದಿದ್ದರು. ಪೂರ್ವದಿಂದ ಗಾಳಿ ಬೀಸಿದರೆ ಬಿರುಗಾಳಿ ಪೂರ್ವದಲ್ಲಿದೆ, ಪಶ್ಚಿಮಕ್ಕೆ ಓಡಿದರೆ ಬದುಕಬಹುದು ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆಯಿಂದಲೇ ಎಷ್ಟೋ ಹಡಗುಗಳು ಬಿರುಗಾಳಿಯ ಬಾಯಿಗೆ ತಾವಾಗಿಯೇ ಹೋಗಿ ಬಿದ್ದವು.

ಈ ನಂಬಿಕೆ ತಪ್ಪೆಂಬ ಸಂಶಯ ಕೆಲವರಿಗೆ ಬಂದಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯದಲ್ಲಿದ್ದ ಕರ್ನಲ್ ಜೇಮ್ಸ್ ಕ್ಯಾಪರ್ ಎಂಬವನು ಕೋರಮಂಡಲ ಕರಾವಳಿಯ ಬಿರುಗಾಳಿಗಳನ್ನು ಗಮನಿಸಿ, ಇವು ದೊಡ್ಡ ಸುಂಟರಗಾಳಿಗಳೇ ಇರಬೇಕೆಂದು 1801ರಲ್ಲಿ ಬರೆದನು. ಅಮೆರಿಕದ ವಿಲಿಯಂ ರೆಡ್‌ಫೀಲ್ಡ್ 1821ರ ಬಿರುಗಾಳಿಯ ಬಳಿಕ ಕನೆಕ್ಟಿಕಟ್ ಸೀಮೆಯಲ್ಲಿ ಸಂಚರಿಸುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡನು. ಒಂದು ಕಡೆಯಲ್ಲಿ ಮರಗಳು ವಾಯವ್ಯಕ್ಕೆ ತಲೆಯಿಟ್ಟು ಉರುಳಿದ್ದವು. ಸ್ವಲ್ಪ ದೂರ ಹೋದರೆ ಅದೇ ಬಿರುಗಾಳಿಗೆ ಬಿದ್ದ ಮರಗಳು ಆಗ್ನೇಯಕ್ಕೆ ತಲೆಯಿಟ್ಟಿದ್ದವು. ಒಂದೇ ಗಾಳಿ ಎದುರುಬದುರು ದಿಕ್ಕುಗಳಿಗೆ ಮರಗಳನ್ನು ಕೆಡವಬೇಕಾದರೆ ಅದು ಸುತ್ತುತ್ತಿರಲೇಬೇಕು. ಬ್ರಿಟಿಷ್ ಸೈನ್ಯದ ಎಂಜಿನಿಯರ್ ವಿಲಿಯಂ ರೀಡ್ ಎಂಬವನು 1831ರ ಬಿರುಗಾಳಿಯಿಂದ ಹಾಳಾದ ಬಾರ್ಬಡೋಸ್ ದ್ವೀಪದಲ್ಲಿ ಕೆಲಸ ಮಾಡಿ, ಅದೇ ವಿಷಯವನ್ನು ಇನ್ನಷ್ಟು ಶೋಧಿಸಿ 1838ರಲ್ಲಿ ಒಂದು ಗ್ರಂಥವನ್ನು ಹೊರತಂದನು.

ಈ ಗ್ರಂಥವು ಕಲ್ಕತ್ತೆಯನ್ನು ತಲುಪಿದಾಗ ಪಿಡಿಂಗ್ಟನ್ನನಿಗೆ ಕತ್ತಲೆಯಲ್ಲಿ ದೀಪ ಸಿಕ್ಕಂತಾಯಿತು. ಅಟ್ಲಾಂಟಿಕ್ ಸಮುದ್ರದ ಗಾಳಿಗೆ ಸಲ್ಲುವ ನಿಯಮ ನಮ್ಮ ಬಂಗಾಳ ಕೊಲ್ಲಿಯ ಗಾಳಿಗೂ ಸಲ್ಲುತ್ತದೆಯೆ? ಇದನ್ನು ಪರೀಕ್ಷಿಸಲು ಅವನು ನಿರ್ಧರಿಸಿದನು. ಬಹಳ ದಿನ ಕಾಯಬೇಕಾಗಲಿಲ್ಲ. 1839ರ ಜೂನ್ ತಿಂಗಳ ಮೊದಲ ವಾರದಲ್ಲಿ ಬಂಗಾಳ ಕೊಲ್ಲಿಯಲ್ಲಿ ಒಂದು ಬಿರುಗಾಳಿ ಎದ್ದಿತು. ಅದರ ಬಗ್ಗೆ ಬರೆದದ್ದೇ ಅವನ ಮೊದಲನೆಯ ಪ್ರಬಂಧ.

ದಿನಚರಿಗಳ ಭಂಡಾರ

ಈಗ ಆಕಾಶದಲ್ಲಿರುವ ಉಪಗ್ರಹಗಳು ಚಂಡಮಾರುತದ ಚಿತ್ರವನ್ನು ಕ್ಷಣಕ್ಷಣಕ್ಕೂ ಕಳುಹಿಸುತ್ತವೆ. ಪಿಡಿಂಗ್ಟನ್ನನ ಕಾಲದಲ್ಲಿ ಉಪಗ್ರಹವಿಲ್ಲ, ರೇಡಿಯೋ ಇಲ್ಲ. ನಮ್ಮ ದೇಶದಲ್ಲಿ ತಂತಿ ಹಾಕಿದ್ದು ಕೂಡ 1850ರ ನಂತರ. ನೂರಾರು ಮೈಲಿ ಅಗಲದ ಬಿರುಗಾಳಿಯನ್ನು ಇಡಿಯಾಗಿ ಕಣ್ಣಿನಿಂದ ಕಾಣುವುದು ಯಾವ ಮನುಷ್ಯನಿಗೂ ಸಾಧ್ಯವಿರಲಿಲ್ಲ. ಹಾಗಾದರೆ ಕಲ್ಕತ್ತೆಯಲ್ಲಿ ಮೇಜಿನ ಮುಂದೆ ಕುಳಿತವನು ಸಮುದ್ರದ ನಡುವಿನ ಗಾಳಿಯ ಜಾಡನ್ನು ಹಿಡಿದದ್ದು ಹೇಗೆ?

ಅದಕ್ಕೆ ಅವನು ಬಳಸಿದ ಸಾಧನ ಬಹಳ ಸರಳವಾದದ್ದು. ಅದು ಹಡಗಿನ ದಿನಚರಿ. ಪ್ರತಿಯೊಂದು ಹಡಗಿನಲ್ಲಿಯೂ ಒಂದು ಪುಸ್ತಕವಿರುತ್ತಿತ್ತು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ, ಅದರ ಬಲವೆಷ್ಟು, ವಾಯುಭಾರಮಾಪಕದ ಪಾದರಸ ಎಷ್ಟು ಇಳಿದಿದೆ, ಎಷ್ಟು ಹಾಯಿಗಳನ್ನು ಬಿಚ್ಚಲಾಗಿದೆ, ಮಧ್ಯಾಹ್ನದ ಸೂರ್ಯನನ್ನು ನೋಡಿ ಲೆಕ್ಕ ಹಾಕಿದಾಗ ಹಡಗು ಎಲ್ಲಿದೆ ಎಂಬುದನ್ನೆಲ್ಲ ಅದರಲ್ಲಿ ಬರೆಯುತ್ತಿದ್ದರು. ಬಿರುಗಾಳಿ ಹೊಡೆಯುತ್ತಿದ್ದಾಗಲೂ ಕಂದೀಲಿನ ಬೆಳಕಿನಲ್ಲಿ, ಒದ್ದೆಯಾದ ಕೈಗಳಿಂದ ಬರೆದಿಡುತ್ತಿದ್ದರು.

ಒಂದು ಹಡಗಿನ ದಿನಚರಿಯಿಂದ ಬಿರುಗಾಳಿಯ ಒಂದು ಮೂಲೆ ಮಾತ್ರ ಕಾಣುತ್ತದೆ. ಆದರೆ ಅದೇ ದಿನ, ಅದೇ ಹೊತ್ತಿಗೆ ಬೇರೆ ಬೇರೆ ಕಡೆಗಳಲ್ಲಿದ್ದ ಹತ್ತು ಹಡಗುಗಳ ದಿನಚರಿಗಳು ಸಿಕ್ಕಿದರೆ? ಪಿಡಿಂಗ್ಟನ್ನನು ಬಂದರುಗಳ ಅಧಿಕಾರಿಗಳಿಗೂ ಕಪ್ತಾನರಿಗೂ ಕಾಗದ ಬರೆದು ಈ ದಿನಚರಿಗಳನ್ನು ತರಿಸಿಕೊಂಡನು. ನಕಾಶೆಯ ಮೇಲೆ ಪ್ರತಿಯೊಂದು ಹಡಗಿನ ಸ್ಥಾನವನ್ನು ಗುರುತಿಸಿ, ಅಲ್ಲಿ ಬೀಸುತ್ತಿದ್ದ ಗಾಳಿಯ ದಿಕ್ಕಿಗೆ ಒಂದು ಬಾಣದ ಗುರುತು ಹಾಕಿದನು. ಬಾಣಗಳೆಲ್ಲ ಸೇರಿದಾಗ ನಕಾಶೆಯ ಮೇಲೆ ಒಂದು ಸುಳಿ ಮೂಡಿತು. ಮರುದಿನದ ಬಾಣಗಳನ್ನು ಹಾಕಿದಾಗ ಆ ಸುಳಿ ಮುಂದಕ್ಕೆ ಸರಿದಿತ್ತು. ಹೀಗೆ ಒಂದೊಂದೇ ದಿನದ ಸುಳಿಯನ್ನು ಜೋಡಿಸಿದಾಗ ಬಿರುಗಾಳಿ ಎಲ್ಲಿ ಹುಟ್ಟಿ ಎತ್ತ ಸಾಗಿತು ಎಂಬ ದಾರಿ ಕಾಣಿಸಿತು.

ಇದನ್ನು ತಿಳಿಯಲು ನಮ್ಮ ಬುಗುರಿಯ ಆಟವನ್ನು ನೆನೆದರೆ ಸಾಕು. ಬುಗುರಿ ತನ್ನ ಸುತ್ತಲೇ ತಾನು ವೇಗವಾಗಿ ತಿರುಗುತ್ತದೆ. ಜೊತೆಗೆ ನೆಲದ ಮೇಲೆ ಮೆಲ್ಲಗೆ ಅತ್ತಿತ್ತ ಸರಿಯುತ್ತದೆ. ಚಂಡಮಾರುತಕ್ಕೂ ಈ ಎರಡು ಚಲನೆಗಳಿವೆ. ಒಳಗಿನ ಗಾಳಿ ಗಂಟೆಗೆ ನೂರು ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಸುತ್ತುತ್ತಿದ್ದರೂ ಇಡೀ ಚಂಡಮಾರುತವು ಅನೇಕ ಸಲ ಎತ್ತಿನ ಗಾಡಿಗಿಂತ ತುಸು ಬೇಗ ಸಾಗುತ್ತದೆ, ಅಷ್ಟೆ. ಆದುದರಿಂದಲೇ ಅದರ ದಾರಿಯನ್ನು ಮುಂಚಿತವಾಗಿ ತಿಳಿದವರಿಗೆ ತಪ್ಪಿಸಿಕೊಳ್ಳಲು ಸಮಯ ಸಿಗುತ್ತದೆ.

ಇಂಥ ಪ್ರಬಂಧಗಳನ್ನು ಪಿಡಿಂಗ್ಟನ್ನನು ಒಂದರ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಬರೆದು ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಬಂಗಾಳ ಕೊಲ್ಲಿ, ಅಂಡಮಾನ್ ಸಮುದ್ರ, ಅರಬ್ಬೀ ಸಮುದ್ರ, ಚೀನಾ ಸಮುದ್ರಗಳ ಬಿರುಗಾಳಿಗಳ ವಿವರಗಳೆಲ್ಲ ಅದರಲ್ಲಿದ್ದವು.

ಎರಡು ಹಡಗುಗಳ ಕಥೆ, ಒಂದು ಹಡಗಿನ ಕಥೆ

ಅವನು ಶೋಧಿಸಿದ ಘಟನೆಗಳಲ್ಲಿ ಕೆಲವು ಕಥೆಗಳಿಗಿಂತ ಸ್ವಾರಸ್ಯವಾಗಿವೆ. 1844ರ ನವೆಂಬರ್ ತಿಂಗಳಲ್ಲಿ ಎರಡು ಹಡಗುಗಳು ಸೈನಿಕರನ್ನೂ ಅವರ ಹೆಂಗಸರು ಮಕ್ಕಳನ್ನೂ ಹೊತ್ತು ಕಲ್ಕತ್ತೆಯ ಕಡೆಗೆ ಬರುತ್ತಿದ್ದವು. ರನ್ನಿಮೀಡ್ ಎಂಬುದು ಇಂಗ್ಲೆಂಡಿನಿಂದ ಹೊರಟದ್ದು, ಬ್ರಿಟನ್ ಎಂಬುದು ಆಸ್ಟ್ರೇಲಿಯದ ಸಿಡ್ನಿಯಿಂದ ಹೊರಟದ್ದು. ಎರಡೂ ಅಂಡಮಾನ್ ಸಮುದ್ರದಲ್ಲಿ ಒಂದೇ ಚಂಡಮಾರುತಕ್ಕೆ ಸಿಕ್ಕಿದವು. ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದು. ನವೆಂಬರ್ 12ರ ಬೆಳಗಿನ ಜಾವದ ಕತ್ತಲೆಯಲ್ಲಿ ಉಬ್ಬಿ ಬಂದ ಸಮುದ್ರವು ಎರಡು ಹಡಗುಗಳನ್ನೂ ಬಂಡೆಗಳ ಮೇಲಿಂದ ಎತ್ತಿ ಅಂಡಮಾನಿನ ಒಂದೇ ದ್ವೀಪದ ದಡಕ್ಕೆ ಎಸೆಯಿತು. ಬೆಳಕು ಹರಿದಾಗ ಒಂದು ಹಡಗಿನವರಿಗೆ ಇನ್ನೊಂದು ಹಡಗು ಕಾಣುವಷ್ಟು ಹತ್ತಿರದಲ್ಲಿ ಅವೆರಡೂ ಬಿದ್ದಿದ್ದವು. ಆರುನೂರಕ್ಕೂ ಮಿಕ್ಕಿದ ಆ ಜನರಲ್ಲಿ ಬಹುತೇಕ ಎಲ್ಲರೂ ಬದುಕಿದರು. ಎರಡು ದಿನಚರಿಗಳೂ ಉಳಿದವು. ಪಿಡಿಂಗ್ಟನ್ನನು ಅವುಗಳನ್ನು ಪರಿಶೀಲಿಸಿ, ಬೇರೆ ಬೇರೆ ಕಡೆಗಳಿಂದ ಬಂದ ಹಡಗುಗಳು ಒಂದೇ ಸುಳಿಗೆ ಸಿಕ್ಕಿ ಒಂದೇ ದಡಕ್ಕೆ ಹೇಗೆ ಬಂದವೆಂಬುದನ್ನು ವಿವರಿಸಿದನು.

ಮರುವರ್ಷ ಇನ್ನೊಂದು ಅದ್ಭುತ ನಡೆಯಿತು. ಚಾರ್ಲ್ಸ್ ಹೆಡಲ್ ಎಂಬ ಹಡಗು 1845ರ ಫೆಬ್ರವರಿಯಲ್ಲಿ ಮಾರಿಷಸ್ ದ್ವೀಪದಿಂದ ಮಸ್ಕತ್ತಿಗೆ ಹೊರಟಿತ್ತು. ದಾರಿಯಲ್ಲಿ ಚಂಡಮಾರುತಕ್ಕೆ ಸಿಕ್ಕಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಓಡಿತು. ಗಾಳಿ ನೆಟ್ಟಗೆ ಬೀಸುವುದಾಗಿದ್ದರೆ ಐದು ದಿನಗಳಲ್ಲಿ ಅದು ಎಲ್ಲಿಯೋ ದೂರ ಸೇರಬೇಕಾಗಿತ್ತು. ಆದರೆ ಆ ಹಡಗು ಸುಮಾರು 1,300 ಮೈಲಿ ಓಡಿದರೂ ಹೊರಟ ಜಾಗದಿಂದ ಸುಮಾರು 350 ಮೈಲಿ ಮಾತ್ರ ಮುಂದೆ ಹೋಗಿತ್ತು. ದಿನಚರಿಯ ಲೆಕ್ಕವನ್ನು ನಕಾಶೆಯ ಮೇಲೆ ಎಳೆದಾಗ ಹಡಗು ಗಾಣದ ಎತ್ತಿನಂತೆ ಐದು ಸಲ ಚಂಡಮಾರುತದ ನಡುವನ್ನು ಸುತ್ತಿದ್ದು ಸ್ಪಷ್ಟವಾಯಿತು. ಗಾಳಿ ಸುತ್ತುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕೊಂಬಿನ ಹಾಳೆಯ ಪಾಠ

ಕಂಡುಹಿಡಿದದ್ದನ್ನು ಪಂಡಿತರ ಪತ್ರಿಕೆಯಲ್ಲಿ ಬರೆದು ಸುಮ್ಮನಾಗುವುದು ಪಿಡಿಂಗ್ಟನ್ನನಿಗೆ ಇಷ್ಟವಿರಲಿಲ್ಲ. ಹೆಚ್ಚು ಓದು ಬರಹ ಬಾರದ ನಾವಿಕನಿಗೂ ಅದು ತಿಳಿಯಬೇಕು. ಬಿರುಗಾಳಿ ಹೊಡೆಯುವಾಗ ದಪ್ಪ ಪುಸ್ತಕ ಬಿಚ್ಚಿ ಓದಲು ಯಾರಿಗೆ ಬಿಡುವಿದೆ? ಆದುದರಿಂದ ಅವನು ಒಂದು ಉಪಾಯ ಮಾಡಿದನು. ದನದ ಕೊಂಬನ್ನು ತೆಳ್ಳಗೆ ಮಾಡಿದ ಪಾರದರ್ಶಕ ಹಾಳೆಯ ಮೇಲೆ ಗಾಳಿಯ ಸುತ್ತನ್ನು ಬಾಣಗಳಿಂದ ಬರೆಯಿಸಿದನು. ಕಪ್ತಾನನು ಆ ಹಾಳೆಯನ್ನು ನಕಾಶೆಯ ಮೇಲಿಟ್ಟು, ತನ್ನ ಹಡಗು ಇರುವ ಜಾಗಕ್ಕೆ ಆಗ ಬೀಸುತ್ತಿರುವ ಗಾಳಿಯ ಬಾಣವನ್ನು ಹೊಂದಿಸಿದರೆ ಸಾಕು. ಹಾಳೆಯ ನಡುಬಿಂದು ಎಲ್ಲಿ ಬೀಳುತ್ತದೆಯೋ ಅಲ್ಲಿಯೇ ಚಂಡಮಾರುತದ ಕೇಂದ್ರ. ಭೂಮಧ್ಯರೇಖೆಯ ಉತ್ತರಕ್ಕೆ ಈ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ, ದಕ್ಷಿಣಕ್ಕೆ ಮುಳ್ಳಿನಂತೆಯೇ ಸುತ್ತುತ್ತದೆ. ಅದಕ್ಕಾಗಿ ಎರಡು ಹಾಳೆಗಳು.

ಕೊಂಬಿನ ಹಾಳೆ ಇಲ್ಲದವರಿಗೂ ಒಂದು ಸುಲಭ ಸೂತ್ರವಿದೆ. ಅದನ್ನು ನಮ್ಮ ವಿದ್ಯಾರ್ಥಿಗಳೂ ನೆನಪಿಡಬಹುದು. ನಮ್ಮ ಸಮುದ್ರಗಳಲ್ಲಿ ಗಾಳಿ ಬೀಸಿ ಬರುವ ದಿಕ್ಕಿಗೆ ಮುಖ ಮಾಡಿ ನಿಂತರೆ ಚಂಡಮಾರುತದ ಕೇಂದ್ರವು ನಮ್ಮ ಬಲಗೈಯ ಕಡೆಗೆ ಇರುತ್ತದೆ. ಈಶಾನ್ಯದಿಂದ ಗಾಳಿ ಬರುತ್ತಿದ್ದರೆ ಕೇಂದ್ರವು ಸುಮಾರಾಗಿ ಆಗ್ನೇಯದಲ್ಲಿದೆ. ಆಗ್ನೇಯದಿಂದ ವಾಯವ್ಯಕ್ಕೆ ಸಾಗುವ ಚಂಡಮಾರುತದ ಮುಂದೆ ಒಂದು ಹಡಗು ನಿಂತಿದೆ ಎಂದುಕೊಳ್ಳೋಣ. ಗಾಳಿ ಈಶಾನ್ಯದಿಂದ ಪೂರ್ವಕ್ಕೆ, ಪೂರ್ವದಿಂದ ಆಗ್ನೇಯಕ್ಕೆ ತಿರುಗಿದರೆ ಕೇಂದ್ರವು ಹಡಗಿನ ಪಶ್ಚಿಮದ ಕಡೆಯಿಂದ ದಾಟುತ್ತಿದೆ. ಈಶಾನ್ಯದಿಂದ ಉತ್ತರಕ್ಕೆ, ಮತ್ತೆ ವಾಯವ್ಯಕ್ಕೆ ತಿರುಗಿದರೆ ಪೂರ್ವದ ಕಡೆಯಿಂದ ದಾಟುತ್ತಿದೆ. ಗಾಳಿಯ ದಿಕ್ಕು ಬದಲಾಗದೆ ಅದರ ಬಲ ಮಾತ್ರ ಹೆಚ್ಚುತ್ತಾ, ಪಾದರಸ ಇಳಿಯುತ್ತಾ ಹೋದರೆ ಅದು ನೇರವಾಗಿ ನಮ್ಮ ಮೇಲೆಯೇ ಬರುತ್ತಿದೆ ಎಂದರ್ಥ.

ಈ ವಿಷಯಗಳನ್ನೆಲ್ಲ ಒಟ್ಟುಗೂಡಿಸಿ 1848ರಲ್ಲಿ ಅವನು ನಾವಿಕರಿಗಾಗಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದಕ್ಕೆ ಇಟ್ಟ ಹೆಸರು ನಾವಿಕರ ಹಾರ್ನ್‌ಬುಕ್. ಹಿಂದಿನ ಕಾಲದಲ್ಲಿ ಇಂಗ್ಲೆಂಡಿನ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಲು ಹಿಡಿಕೆಯಿರುವ ಒಂದು ಹಲಗೆಯ ಮೇಲೆ ಅಕ್ಷರಮಾಲೆಯ ಹಾಳೆಯನ್ನು ಅಂಟಿಸಿ, ಹರಿಯದಂತೆ ಕೊಂಬಿನ ತೆಳು ಹಾಳೆಯನ್ನು ಹೊದಿಸುತ್ತಿದ್ದರು. ಅದನ್ನೇ ಹಾರ್ನ್‌ಬುಕ್ ಎನ್ನುತ್ತಿದ್ದರು. ನಮ್ಮ ಹಿರಿಯರಿಗೆ ಮರಳಿನ ಮೇಲಿನ ಓಂಕಾರ, ಕಲ್ಲಿನ ಪಾಟಿ ಹೇಗೋ ಹಾಗೆ. ಕಡಲಿನ ಕಪ್ತಾನರೂ ಗಾಳಿಯ ವಿದ್ಯೆಯಲ್ಲಿ ಒಂದನೆಯ ತರಗತಿಯ ಮಕ್ಕಳೇ ಎಂಬ ಅರ್ಥ ಆ ಹೆಸರಿನಲ್ಲಿ ಅಡಗಿದೆ. ಅವನು ತನ್ನನ್ನೂ ಆ ತರಗತಿಯಿಂದ ಹೊರಗಿಟ್ಟುಕೊಂಡವನಲ್ಲ. ಹೊಸ ದಿನಚರಿ ಬಂದಂತೆಲ್ಲ ತನ್ನ ನಿಯಮಗಳನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಲೇ ಇದ್ದನು.

ಹೆಸರಿನ ಹುಟ್ಟು

ಸೈಕ್ಲೋನ್ ಎಂಬ ಶಬ್ದ ಕಾಣಿಸಿಕೊಂಡದ್ದು ಈ ಪುಸ್ತಕದಲ್ಲಿ. ಅಲ್ಲಿಯವರೆಗೆ ಒಬ್ಬೊಬ್ಬ ನಾವಿಕನೂ ಒಂದೊಂದು ಹೆಸರನ್ನು ಬಳಸುತ್ತಿದ್ದನು. ಚೀನಾ ಸಮುದ್ರದಲ್ಲಿ ಟೈಫೂನ್, ವೆಸ್ಟ್ ಇಂಡೀಸಿನಲ್ಲಿ ಹರಿಕೇನ್, ಉಳಿದೆಡೆ ಗೇಲ್, ಸ್ಟಾರ್ಮ್ ಎಂಬ ಹೆಸರುಗಳು. ಇವುಗಳಲ್ಲಿ ಕೆಲವು ನೇರವಾಗಿ ಬೀಸುವ ಗಾಳಿಗೂ ಸಲ್ಲುತ್ತಿದ್ದವು. ಸುತ್ತುವ ಗಾಳಿಗೆ ಮಾತ್ರ ಸಲ್ಲುವ ಒಂದು ಪ್ರತ್ಯೇಕ ಹೆಸರು ಬೇಕೆಂದು ಪಿಡಿಂಗ್ಟನ್ನನಿಗೆ ತೋರಿತು. ಗ್ರೀಕ್ ಭಾಷೆಯಲ್ಲಿ ಚಕ್ರಕ್ಕೆ ಇರುವ ಶಬ್ದವೇ ಸುರುಳಿ ಸುತ್ತಿಕೊಂಡ ಹಾವಿನ ಸುತ್ತುಗಳಿಗೂ ಸಲ್ಲುತ್ತದೆ. ಅದರಿಂದ ಸೈಕ್ಲೋನ್ ಎಂಬ ಶಬ್ದವನ್ನು ಅವನು ರಚಿಸಿದನು.

ಈ ಆಯ್ಕೆಯಲ್ಲಿಯೂ ಒಂದು ಜಾಣ್ಮೆಯಿದೆ. ಗಾಳಿಯು ಪೂರ್ಣವಾದ ವೃತ್ತದಲ್ಲಿಯೇ ಸುತ್ತುತ್ತದೆ ಎಂದು ಖಚಿತವಾಗಿ ಹೇಳಲು ಆಗಿನ ಆಧಾರಗಳು ಸಾಲುತ್ತಿರಲಿಲ್ಲ. ಆದುದರಿಂದ ಅವನು ವೃತ್ತವೆಂದು ಹಟ ಹಿಡಿಯದೆ, ಸುರುಳಿಗೂ ಒಪ್ಪುವ ಹೆಸರನ್ನು ಕೊಟ್ಟನು. ಮುಂದೆ ಶೋಧನೆ ಬೆಳೆದಂತೆ, ಗಾಳಿಯು ಸುತ್ತುತ್ತಾ ಸುತ್ತುತ್ತಾ ಒಳಗಡೆಗೆ ಸೆಳೆಯಲ್ಪಡುತ್ತದೆ, ಅಂದರೆ ಹಾವಿನ ಸುರುಳಿಯಂತೆಯೇ ಇರುತ್ತದೆ ಎಂಬುದು ಸಿದ್ಧವಾಯಿತು. ಈಗಿನ ಉಪಗ್ರಹದ ಚಿತ್ರಗಳಲ್ಲಿ ಮೋಡಗಳ ಆ ಸುರುಳಿಯನ್ನು ನಾವು ಕಣ್ಣಾರೆ ಕಾಣುತ್ತೇವೆ. ತಿಳಿದಷ್ಟನ್ನೇ ಹೇಳಿ, ತಿಳಿಯದ್ದಕ್ಕೆ ಜಾಗ ಬಿಡುವುದು ವಿಜ್ಞಾನಿಯ ಲಕ್ಷಣ.

ಕೇಳದೆ ಹೋದ ಎಚ್ಚರಿಕೆ

ಪಿಡಿಂಗ್ಟನ್ನನ ಕೆಲಸವು ಹಡಗುಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಚಂಡಮಾರುತದಿಂದ ಸಮುದ್ರದಲ್ಲಿ ಸತ್ತವರಿಗಿಂತ ದಡದಲ್ಲಿ ಸತ್ತವರೇ ಹೆಚ್ಚು. ಅವರನ್ನು ಕೊಂದದ್ದು ಬಹುಮಟ್ಟಿಗೆ ಗಾಳಿಯಲ್ಲ, ನೀರು. ಗಾಳಿಯು ಸಮುದ್ರದ ನೀರನ್ನು ದಡದ ಕಡೆಗೆ ರಾಶಿ ಹಾಕುತ್ತದೆ. ತಗ್ಗಾದ ಕರಾವಳಿಯಲ್ಲಿ ಆ ನೀರು ಗೋಡೆಯಂತೆ ಊರೊಳಗೆ ನುಗ್ಗುತ್ತದೆ. ಗೋದಾವರಿಯ ಮುಖದ ಬಳಿಯ ಕೋರಿಂಗ ಎಂಬ ಬಂದರಿನಲ್ಲಿ 1789ರ ಡಿಸೆಂಬರಿನಲ್ಲಿ ಹೀಗೆಯೇ ಮೂರು ಹೆದ್ದೆರೆಗಳು ಒಂದರ ಹಿಂದೆ ಒಂದು ಬಂದು ಸುಮಾರು 20,000 ಜನರನ್ನು ಬಲಿ ತೆಗೆದುಕೊಂಡಿದ್ದವು. ಪಿಡಿಂಗ್ಟನ್ನನು ಈ ಘಟನೆಯನ್ನು ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. 1839ರ ನವೆಂಬರಿನಲ್ಲಿ ಅದೇ ಕೋರಿಂಗಕ್ಕೆ ಮತ್ತೊಮ್ಮೆ ಅದೇ ಗತಿ ಬಂದಾಗ ಅದನ್ನೂ ಅವನು ಅಧ್ಯಯನ ಮಾಡಿದನು.

ಈ ತಿಳಿವಳಿಕೆಯೇ ಅವನ ಬಾಳಿನ ಕೊನೆಯ ದೊಡ್ಡ ಹೋರಾಟಕ್ಕೆ ಕಾರಣವಾಯಿತು. ಹೂಗ್ಲಿ ನದಿಯಲ್ಲಿ ಹೂಳು ತುಂಬಿ ಕಲ್ಕತ್ತೆಯ ಬಂದರು ಕೆಡುತ್ತದೆಂಬ ಭಯ ಆಗಿನ ಸರ್ಕಾರಕ್ಕಿತ್ತು. ಸುಂದರಬನದ ಅಂಚಿನಲ್ಲಿ ಹರಿಯುವ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರನ್ನು ಕಟ್ಟುವ ಯೋಜನೆ ಸಿದ್ಧವಾಯಿತು. ನದಿ ಆಳವಾಗಿದೆ, ಹಡಗುಗಳು ಸುಲಭವಾಗಿ ಬರುತ್ತವೆ ಎಂದು ವ್ಯಾಪಾರಿಗಳೆಲ್ಲ ಹಿಗ್ಗಿದರು. ಪಿಡಿಂಗ್ಟನ್ನನು ನಕಾಶೆಯನ್ನು ನೋಡಿದಾಗ ಅವನಿಗೆ ಕಂಡದ್ದು ಬೇರೆಯೇ. ಹಡಗಿಗೆ ತೆರೆದಿರುವ ಬಾಗಿಲು ಚಂಡಮಾರುತದ ಅಲೆಗೂ ತೆರೆದೇ ಇರುತ್ತದೆ.

1853ರಲ್ಲಿ ಅವನು ಗವರ್ನರ್ ಜನರಲ್ ಡಾಲ್‌ಹೌಸಿಗೆ ಒಂದು ದೀರ್ಘ ಪತ್ರವನ್ನು ಬರೆದು ಅಚ್ಚು ಹಾಕಿಸಿದನು. ಆ ಸ್ಥಳದಲ್ಲಿ ಊರು ಕಟ್ಟಿದರೆ ಒಂದಲ್ಲ ಒಂದು ದಿನ ಚಂಡಮಾರುತದ ನಡುವೆ ಸಮುದ್ರದ ಉಪ್ಪುನೀರು ಹಲವು ಅಡಿಗಳೆತ್ತರಕ್ಕೆ ಎದ್ದು ಬಂದು ಊರನ್ನು ಮುಳುಗಿಸುವುದೆಂದು ಎಚ್ಚರಿಸಿದನು. ಆಗ ಅವನಿಗೆ ಐವತ್ತಾರು ವರ್ಷ. ದೊಡ್ಡ ಪದವಿಯಿಲ್ಲದ ಒಬ್ಬ ಹವ್ಯಾಸಿಯ ಮಾತು ಅಧಿಕಾರದಲ್ಲಿದ್ದವರ ಕಿವಿಗೆ ಬೀಳಲಿಲ್ಲ. ಬಂದರಿನ ಕೆಲಸ ನಡೆದೇ ನಡೆಯಿತು. ಅದಕ್ಕೆ ಮುಂದೆ ಬಂದ ಗವರ್ನರ್ ಜನರಲ್‌ನ ಹೆಸರಿನಿಂದ ಪೋರ್ಟ್ ಕ್ಯಾನಿಂಗ್ ಎಂದು ನಾಮಕರಣವಾಯಿತು. ರೈಲುಮಾರ್ಗ ಬಂತು, ಕಟ್ಟಡಗಳು ಎದ್ದವು.

ಪಿಡಿಂಗ್ಟನ್ನನು ಅದರ ಫಲವನ್ನು ನೋಡಲು ಬದುಕಿರಲಿಲ್ಲ. 1858ರ ಏಪ್ರಿಲ್ 7ರಂದು ಕಲ್ಕತ್ತೆಯಲ್ಲಿಯೇ ಅವನು ತೀರಿಕೊಂಡನು. ಅವನು ಸತ್ತು ಆರು ವರ್ಷಗಳಾದ ಮೇಲೆ 1864ರ ಅಕ್ಟೋಬರ್ 5ರಂದು ಭೀಕರ ಚಂಡಮಾರುತವೊಂದು ಹೂಗ್ಲಿಯ ಮುಖದಿಂದ ನುಗ್ಗಿ ಕಲ್ಕತ್ತೆ ಮತ್ತು ಸುತ್ತಲಿನ ನಾಡನ್ನು ಹಾಳುಗೆಡವಿತು. ಸುಮಾರು 60,000 ಜನರು ಸತ್ತರೆಂದು ಲೆಕ್ಕ. ಮೂರು ವರ್ಷ ಕಳೆದು 1867ರ ನವೆಂಬರ್ 1ರಂದು ಮತ್ತೊಂದು ಚಂಡಮಾರುತ ಬಂದಿತು. ಸುಮಾರು ಆರು ಅಡಿ ಎತ್ತರದ ಅಲೆ ಪೋರ್ಟ್ ಕ್ಯಾನಿಂಗಿನ ಮೇಲೆ ಹರಿಯಿತು. ಕಟ್ಟಿದ್ದೆಲ್ಲ ಕೆಟ್ಟಿತು. ಕೆಲವೇ ವರ್ಷಗಳಲ್ಲಿ ಆ ಬಂದರನ್ನು ಕೈಬಿಡಬೇಕಾಯಿತು. ಪಿಡಿಂಗ್ಟನ್ನನ ಮಾತು ಅಕ್ಷರಶಃ ನಿಜವಾಗಿತ್ತು. ಆದರೆ ಅದನ್ನು ಕೇಳಬೇಕಾದ ಹೊತ್ತಿಗೆ ಯಾರೂ ಕೇಳಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ಅವನು ಬಿಟ್ಟುಹೋದ ಪಾಠ

1864ರ ದುರಂತದ ಬಳಿಕ ಸರ್ಕಾರದ ಕಣ್ಣು ತೆರೆಯಿತು. ಕಲ್ಕತ್ತೆಯ ಬಂದರಿಗೆ ತಂತಿಯ ಮೂಲಕ ಚಂಡಮಾರುತದ ಮುನ್ಸೂಚನೆ ಕೊಡುವ ಏರ್ಪಾಡು 1865ರಲ್ಲಿ ಆರಂಭವಾಯಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಗಿ, 1864ರ ಚಂಡಮಾರುತವನ್ನು ಅಧ್ಯಯನ ಮಾಡಿದ್ದ ಹೆನ್ರಿ ಬ್ಲ್ಯಾನ್‌ಫರ್ಡ್ ಅದರ ಹೊಣೆ ಹೊತ್ತನು. ಪಿಡಿಂಗ್ಟನ್ನನು ಒಬ್ಬಂಟಿಯಾಗಿ ಕಾಗದ ಬರೆದು ಕೂಡಿಸುತ್ತಿದ್ದ ವಿವರಗಳನ್ನು ಕೂಡಿಸಲು ಒಂದು ಇಲಾಖೆಯೇ ಸಿದ್ಧವಾಯಿತು.

ಎಚ್ಚರಿಕೆ ಕೊಡುವುದು ಎಷ್ಟು ಮುಖ್ಯವೋ, ಕೇಳುವುದೂ ಅಷ್ಟೇ ಮುಖ್ಯ. ಇದನ್ನು ನಮ್ಮ ಕಾಲದ ಎರಡು ಘಟನೆಗಳಿಂದ ತಿಳಿಯಬಹುದು. 1999ರ ಅಕ್ಟೋಬರಿನಲ್ಲಿ ಒಡಿಶಾದ ಮೇಲೆ ಬಂದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನರು ಪ್ರಾಣ ಕಳೆದುಕೊಂಡರು. 2013ರ ಅಕ್ಟೋಬರಿನಲ್ಲಿ ಅದೇ ಒಡಿಶಾಕ್ಕೆ ಫೈಲಿನ್ ಎಂಬ ಪ್ರಬಲ ಚಂಡಮಾರುತ ಬಂದಾಗ ಮುನ್ಸೂಚನೆಯನ್ನು ನಂಬಿ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಿದರು. ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. ಗಾಳಿಯನ್ನು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ಕೇಳಿದ ಮಾತು ಜನರನ್ನು ಉಳಿಸಿತು.

ಪಿಡಿಂಗ್ಟನ್ನನ ಬಾಳಿನಿಂದ ನಾವು ಕಲಿಯಬಹುದಾದದ್ದು ಬಹಳವಿದೆ. ಅವನಿಗೆ ಪ್ರಯೋಗಶಾಲೆ ಇರಲಿಲ್ಲ. ಬಿರುಗಾಳಿಯ ಕೆಲಸ ಅವನ ಹೊಟ್ಟೆಪಾಡಿನ ಕೆಲಸವೂ ಆಗಿರಲಿಲ್ಲ. ಅವನ ಬಳಿ ಇದ್ದದ್ದು ಕುತೂಹಲ, ತಾಳ್ಮೆ ಮತ್ತು ಪರರು ಪ್ರಾಮಾಣಿಕವಾಗಿ ಬರೆದಿಟ್ಟ ದಿನಚರಿಗಳು. ಆ ದಿನಚರಿಗಳನ್ನು ಬರೆದ ನಾವಿಕರಲ್ಲಿ ಹೆಚ್ಚಿನವರ ಹೆಸರೇ ಈಗ ಯಾರಿಗೂ ಗೊತ್ತಿಲ್ಲ. ತಾವು ಬರೆದ ಒಂದು ಸಾಲು ಮುಂದೊಂದು ದಿನ ಇನ್ನೊಂದು ಹಡಗನ್ನು ಉಳಿಸುವುದೆಂದು ಅವರೂ ತಿಳಿದಿರಲಿಲ್ಲ. ಒಬ್ಬನು ಗಾಳಿಯ ದಿಕ್ಕನ್ನು ಅಂದಾಜಿನಿಂದ ಸುಳ್ಳಾಗಿ ಬರೆದಿದ್ದರೂ ಪಿಡಿಂಗ್ಟನ್ನನ ಬಾಣ ತಪ್ಪು ದಿಕ್ಕಿಗೆ ತಿರುಗಿ, ಸುಳಿಯ ಕೇಂದ್ರವು ತಪ್ಪು ಜಾಗದಲ್ಲಿ ಬೀಳುತ್ತಿತ್ತು.

ಆದುದರಿಂದ ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟೆ. ಗಾಳಿ, ಮಳೆ, ಮೋಡಗಳನ್ನು ನೋಡುವುದಕ್ಕೆ ದುಬಾರಿಯ ಯಂತ್ರಗಳು ಬೇಕಿಲ್ಲ. ಒಂದು ನೋಟುಪುಸ್ತಕವೂ ಪೆನ್ಸಿಲೂ ಸಾಕು. ದಿನಾಲು ಒಂದೇ ಹೊತ್ತಿಗೆ ಗಾಳಿಯ ದಿಕ್ಕು ಯಾವುದು, ಮೋಡ ಎತ್ತಣಿಂದ ಬಂದಿತು, ಮಳೆ ಎಷ್ಟು ಸುರಿಯಿತು ಎಂದು ಬರೆದಿಡಿ. ನೋಡದ ದಿನ ನೋಡಲಿಲ್ಲವೆಂದೇ ಬರೆಯಿರಿ. ಹೆತ್ತವರೂ ಈ ಕೆಲಸದಲ್ಲಿ ಮಕ್ಕಳೊಂದಿಗೆ ಸೇರಬೇಕು. ಯಾವ ಗಾಳಿ ಬಂದರೆ ದೋಣಿ ಇಳಿಸಬಾರದೆಂಬುದನ್ನು ಬಲ್ಲ ಹಿರಿಯರು ನಮ್ಮ ಕರಾವಳಿಯಲ್ಲಿದ್ದಾರೆ. ಅವರ ಅನುಭವವನ್ನೂ ಆ ಪುಸ್ತಕದಲ್ಲಿ ಬರೆದುಕೊಳ್ಳಿ. ಕಡಲಿಗೆ ಹೋಗಬೇಡಿರೆಂಬ ಸೂಚನೆ ಬಂದಾಗ, ಇಂಥ ಎಷ್ಟೋ ದಿನಚರಿಗಳ ಲೆಕ್ಕ ಅದರ ಹಿಂದಿದೆಯೆಂಬುದನ್ನು ನೆನೆದು, ಆ ಒಂದು ದಿನದ ಮೀನನ್ನು ಬಿಟ್ಟು ಮನೆಯಲ್ಲಿರಿ.